ಎದುರು ಕೂರುವವರು ಬೇಕು

"ಕೆಲಸ ಸಿಕ್ಕಿದೆ, ಸಂಬಳ ಬರುತ್ತಿದೆ, ಶನಿವಾರ ಬಂದರೆ ಎಲ್ಲಿಗಾದರೂ ಹೋಗಿಬರುವುದೂ ಆಗುತ್ತಿದೆ. ಆದರೂ ಇದೆಲ್ಲ ಯಾತಕ್ಕೆ ಅನ್ನಿಸುತ್ತದೆ ಸಾರ್." ಈ ಮಾತನ್ನು ಈಚೆಗೆ ಬೇರೆ ಬೇರೆ ಹುಡುಗ ಹುಡುಗಿಯರ ಬಾಯಲ್ಲಿ ಕೇಳುತ್ತಿದ್ದೇನೆ. ಪಾಠ ಹೇಳಿ ನಿವೃತ್ತನಾದವನ ಹತ್ತಿರ ಇದಕ್ಕೊಂದು ಉತ್ತರ ಇರಬಹುದು ಎಂಬ ಆಸೆ ನಿಮ್ಮದು. ಉತ್ತರ ನನ್ನಲ್ಲಿಲ್ಲ. ಆದರೆ ಈ ಪ್ರಶ್ನೆಯನ್ನು ಇಟ್ಟುಕೊಂಡೇ ಸುಮಾರು ಎರಡು ಸಾವಿರ ವರ್ಷ ಬದುಕಿ ಬಂದ ಒಂದು ಜನಸಮುದಾಯದ ಕಥೆಯನ್ನು ಓದಿಕೊಂಡಿದ್ದೇನೆ. ಅವರು ಯಹೂದಿಗಳು. ಹಾಗೆಂದ ಕೂಡಲೇ ಇಂದಿನ ರಾಜಕಾರಣ, ಯುದ್ಧ ಕಣ್ಣ ಮುಂದೆ ಬರುತ್ತವೆ. ಅವುಗಳ ಬಗ್ಗೆ ನನಗೂ ಅಭಿಪ್ರಾಯಗಳಿವೆ, ಇನ್ನೊಂದು ದಿನ ಜಗಳವಾಡೋಣ. ಇವತ್ತು ಹೇಳಬೇಕಾದದ್ದು ಅವರ ಓದಿನ ರೂಢಿಯ ವಿಷಯ.

ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ಜೆರುಸಲೇಮಿನ ದೇವಾಲಯವನ್ನು ಸುಟ್ಟು ಕೆಡವಿತು. ಬಲಿ, ಪೂಜೆ, ಪುರೋಹಿತರು, ವರ್ಷಕ್ಕೆ ಮೂರು ಸಲ ನಡೆಯುತ್ತಿದ್ದ ಯಾತ್ರೆ ಎಲ್ಲವೂ ನಿಂತವು. ದೇವಾಲಯವೇ ಧರ್ಮದ ನಡುಮನೆಯಾಗಿದ್ದ ಜನಕ್ಕೆ ಅಲ್ಲಿಗೆ ಮುಗಿಯಬೇಕಿತ್ತು. ಆಗ ಯೋಹಾನನ್ ಬೆನ್ ಜಕ್ಕೈ ಎಂಬ ಗುರು ಯಾವ್ನೆ ಎಂಬ ಸಣ್ಣ ಊರಿನಲ್ಲಿ ಶಿಷ್ಯರನ್ನು ಕೂಡಿಸಿಕೊಂಡು ಕೂತ. ಅಲ್ಲಿಂದ ಮುಂದೆ ಬಲಿಪೀಠವಿದ್ದ ಜಾಗಕ್ಕೆ ಪ್ರಾರ್ಥನೆಯೂ ಓದಿನ ಮೇಜೂ ಬಂದವು. ಕ್ರಿ.ಶ. 200ರ ಸುಮಾರಿಗೆ ಮಿಷ್ನಾ ಎಂಬ ನ್ಯಾಯಸಂಗ್ರಹ ಸಿದ್ಧವಾಯಿತು. ಅದರ ಮೇಲೆ ಮುಂದಿನ ಶತಮಾನಗಳಲ್ಲಿ ಬ್ಯಾಬಿಲೋನಿಯಾದ ಪಂಡಿತರು ನಡೆಸಿದ ವಾದವೇ ತಾಲ್ಮುದ್.

ತಾಲ್ಮುದ್ ಅಂದರೆ ಆತ್ಮ ಪರಮಾತ್ಮರ ಎತ್ತರದ ಮಾತು ಎಂದುಕೊಂಡು ತೆರೆದರೆ ಪೆಚ್ಚಾಗುತ್ತೀರಿ. ಅದು ಶುರುವಾಗುವುದೇ ಸಮಯದ ತಕರಾರಿನಿಂದ: ರಾತ್ರಿಯ ಪ್ರಾರ್ಥನೆಯನ್ನು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಹೇಳಬಹುದು? ಒಬ್ಬ ಮೊದಲ ಜಾವದವರೆಗೆ ಎನ್ನುತ್ತಾನೆ, ಇನ್ನೊಬ್ಬ ಮಧ್ಯರಾತ್ರಿಯವರೆಗೆ ಎನ್ನುತ್ತಾನೆ, ಮತ್ತೊಬ್ಬ ಬೆಳಕು ಹರಿಯುವವರೆಗೂ ಎನ್ನುತ್ತಾನೆ. ಅಲ್ಲೇ ಒಂದು ಪ್ರಸಂಗ. ಗಮ್ಲಿಯೇಲ್ ಎಂಬ ಹಿರಿಯನ ಮಕ್ಕಳು ಔತಣ ಮುಗಿಸಿ ತಡರಾತ್ರಿ ಮನೆಗೆ ಬಂದು, ಪ್ರಾರ್ಥನೆ ಹೇಳಲಿಲ್ಲವಲ್ಲ ಎಂದು ಅಪ್ಪನ ಮುಂದೆ ನಿಲ್ಲುತ್ತಾರೆ. ಅಪ್ಪ ಬೈಯುವುದಿಲ್ಲ. ಇನ್ನೂ ಬೆಳಗಾಗಿಲ್ಲ, ಹೋಗಿ ಹೇಳಿ ಎನ್ನುತ್ತಾನೆ. ಪಾರ್ಟಿ ಮುಗಿಸಿ ತಡವಾಗಿ ಬರುವ ಮಕ್ಕಳಿಗೆ ಎರಡು ಸಾವಿರ ವರ್ಷದ ಇತಿಹಾಸವಿದೆ ಎಂದು ನಿಮ್ಮ ತಂದೆತಾಯಿಗಳಿಗೂ ಹೇಳಬಹುದು.

ಇನ್ನೊಂದು ಭಾಗದಲ್ಲಿ ಇಬ್ಬರು ಒಂದೇ ಬಟ್ಟೆಯನ್ನು ಹಿಡಿದು ಎಳೆದಾಡುತ್ತ, ಸಿಕ್ಕಿದ್ದು ನನಗೆ, ನನಗೆ ಎನ್ನುತ್ತಾರೆ. ಹೇಗೆ ಹಂಚಬೇಕು? ಮುಂದಿನ ಅಧ್ಯಾಯದಲ್ಲಿ ದಾರಿಯಲ್ಲಿ ಸಿಕ್ಕ ವಸ್ತುವಿನ ಪ್ರಶ್ನೆ. ಚೆಲ್ಲಾಪಿಲ್ಲಿಯಾಗಿ ಬಿದ್ದ ನಾಣ್ಯಗಳು ಸಿಕ್ಕವನಿಗೆ. ಅವೇ ನಾಣ್ಯಗಳು ಚೀಲದಲ್ಲಿದ್ದರೆ, ಅಥವಾ ಮೂರು ಒಂದರ ಮೇಲೊಂದು ಪೇರಿಸಿದಂತಿದ್ದರೆ, ಸಾರಿ ಹೇಳಿ ಒಡೆಯನನ್ನು ಹುಡುಕಬೇಕು. ಯಾಕೆ? ಚೆಲ್ಲಿದ ದುಡ್ಡಿಗೆ ಗುರುತಿಲ್ಲ, ಕಳೆದುಕೊಂಡವನು ಆಸೆ ಬಿಟ್ಟಿರುತ್ತಾನೆ. ಪೇರಿಸಿದ್ದಕ್ಕೆ ಗುರುತಿದೆ, ಅವನು ಹುಡುಕಿಕೊಂಡು ಬರಬಲ್ಲ. ನೋಡಿ, ಕಾನೂನಿನ ಮಾತಾಡುತ್ತಲೇ ಕಳೆದುಕೊಂಡ ಅಪರಿಚಿತನ ಮನಸ್ಸಿನೊಳಗೆ ಹೋಗಿಬಂದರು. ಜೀವನದ ಅರ್ಥ ಏನು ಎಂದು ನೇರವಾಗಿ ಕೇಳಿದರೆ ಈ ಗ್ರಂಥ ಉತ್ತರಿಸುವುದಿಲ್ಲ. ದಾರಿಯಲ್ಲಿ ಬಿದ್ದ ಚೀಲವನ್ನು ಏನು ಮಾಡುತ್ತೀಯ ಎಂದು ತಿರುಗಿ ಕೇಳುತ್ತದೆ. ನನಗೆ ಈ ಕೇಳುವ ರೀತಿ ಇಷ್ಟ.

ಇಂಥ ಗ್ರಂಥವನ್ನು ಅವರು ಒಬ್ಬೊಬ್ಬರೇ ಕೂತು ಓದುವುದಿಲ್ಲ. ಇಬ್ಬರು ಎದುರುಬದುರು ಕೂರುತ್ತಾರೆ, ನಡುವೆ ಪುಸ್ತಕ. ಒಬ್ಬ ಗಟ್ಟಿಯಾಗಿ ಓದಿ ಅರ್ಥ ಹೇಳಬೇಕು, ಇನ್ನೊಬ್ಬ ಅದನ್ನು ಅಲುಗಾಡಿಸಿ ನೋಡಬೇಕು. ಈ ಜೋಡಿ ಓದಿಗೆ ಹೆವ್ರೂತಾ ಎನ್ನುತ್ತಾರೆ. ಅವರ ಪಾಠಶಾಲೆಗೆ ಹೊಸದಾಗಿ ಕಾಲಿಟ್ಟವರಿಗೆ ಅದು ಸಂತೆಯಂತೆ ಕೇಳಿಸುತ್ತದೆ. ಎಲ್ಲರೂ ಒಟ್ಟಿಗೇ ಮಾತಾಡುತ್ತಿರುತ್ತಾರೆ, ಮೇಜು ಕುಟ್ಟುತ್ತಿರುತ್ತಾರೆ. ನಮ್ಮ ಲೈಬ್ರರಿಗಳ 'ನಿಶ್ಶಬ್ದ' ಬೋರ್ಡು ಅಲ್ಲಿ ನಡೆಯದು.

ಯೋಹಾನನ್ ಮತ್ತು ರೇಶ್ ಲಾಕಿಶ್ ಎಂಬ ಜೋಡಿಯ ಕಥೆ ತಾಲ್ಮುದಿನಲ್ಲೇ ಇದೆ. ಈ ಯೋಹಾನನ್ ಮೂರನೆಯ ಶತಮಾನದ ದೊಡ್ಡ ಗುರು, ಯಾವ್ನೆಯವನು ಬೇರೆ. ರೇಶ್ ಲಾಕಿಶ್ ದರೋಡೆಕೋರನಾಗಿದ್ದವನು. ಗುರು ಅವನ ಕಸುವನ್ನು ಕಂಡು, ಈ ಬಲ ಓದಿಗೆ ಬರಲಿ ಎಂದು ಕರೆತಂದ. ತಂಗಿಯನ್ನು ಕೊಟ್ಟು ಮದುವೆ ಮಾಡಿದ, ಓದಿಸಿದ, ಸಮಾನನನ್ನಾಗಿ ಮಾಡಿಕೊಂಡ. ವರ್ಷಗಳ ಮೇಲೆ ಒಂದು ದಿನ ಕತ್ತಿ ಚೂರಿಗಳ ಕುರಿತ ವಾದ ನಡೆಯುತ್ತಿತ್ತು. ಗುರು ಮಾತಿನ ಬಿಸಿಯಲ್ಲಿ, ಕಳ್ಳನಿಗೆ ತನ್ನ ಕಸುಬು ಗೊತ್ತಿರಲೇಬೇಕಲ್ಲ ಎಂದು ಚುಚ್ಚಿಬಿಟ್ಟ. ಇಬ್ಬರೂ ಮುನಿಸಿಕೊಂಡರು. ರೇಶ್ ಲಾಕಿಶ್ ಹಾಸಿಗೆ ಹಿಡಿದ. ತಂಗಿ ಅಣ್ಣನ ಮುಂದೆ ಅತ್ತು ಬೇಡಿದರೂ ಗುರು ಕರಗಲಿಲ್ಲ. ರೇಶ್ ಲಾಕಿಶ್ ಸತ್ತ.

ಆಮೇಲೆ ಗುರು ಕುಸಿದ. ಸಮಾಧಾನಕ್ಕೆಂದು ಎಲಾಜಾರ್ ಎಂಬ ಚುರುಕಾದ ಪಂಡಿತನನ್ನು ಹೊಸ ಜೊತೆಗಾರನಾಗಿ ಕಳಿಸಿದರು. ಗುರು ಏನು ಹೇಳಿದರೂ ಅವನು, ಹೌದು, ನಿಮ್ಮ ಮಾತಿಗೆ ಇಂಥಲ್ಲಿ ಆಧಾರವಿದೆ ಎಂದು ತೋರಿಸುತ್ತಿದ್ದ. ಯೋಹಾನನ್ ಸಿಟ್ಟಾದ. ರೇಶ್ ಲಾಕಿಶನಾದರೆ ಒಂದು ಮಾತಿಗೆ ಇಪ್ಪತ್ನಾಲ್ಕು ಆಕ್ಷೇಪ ಎತ್ತುತ್ತಿದ್ದ, ನಾನು ಇಪ್ಪತ್ನಾಲ್ಕು ಸಮಾಧಾನ ಹೇಳುತ್ತಿದ್ದೆ, ಹಾಗೆ ವಿಷಯ ತಾನೇ ಬೆಳಗುತ್ತಿತ್ತು, ನಾನು ಸರಿ ಎನ್ನುವುದು ನನಗೆ ಗೊತ್ತಿಲ್ಲವೇ, ಅದನ್ನು ಹೇಳಲು ನೀನು ಬೇಕೇ ಎಂದು ಕೇಳಿದ. ಬಟ್ಟೆ ಹರಿದುಕೊಂಡು ಗೆಳೆಯನ ಹೆಸರು ಕೂಗುತ್ತ ಅಲೆದು, ಬುದ್ಧಿಗೆಟ್ಟು ಸತ್ತ ಎಂದು ಕಥೆ ಮುಗಿಯುತ್ತದೆ.

ಮಕ್ಕಳೇ, ಈ ಕಥೆಯನ್ನು ಎರಡು ಸಲ ಓದಿ. ಹೌದಪ್ಪಗಳು ನಿಮಗೆ ಬೇಕಾದಷ್ಟು ಸಿಗುತ್ತಾರೆ. ನಿಮ್ಮ ಮೊಬೈಲಿನಲ್ಲಿ ನೀವು ಹಾಕಿದ ಮಾತಿಗೆಲ್ಲ ಹೆಬ್ಬೆಟ್ಟು ಎತ್ತುವವರಿದ್ದಾರೆ, ಈಗ ಯಂತ್ರವೂ ಆ ಕೆಲಸ ಕಲಿತಿದೆ. ಆಕ್ಷೇಪ ಎತ್ತಿದ ಮೇಲೂ ನಾಳೆ ಅದೇ ಕುರ್ಚಿಗೆ ಬಂದು ಕೂರುವ ಒಬ್ಬರು ಸಿಗುವುದು ಕಷ್ಟ. ಸಿಕ್ಕರೆ ಬಿಡಬೇಡಿ. ಮತ್ತು ವಾದ ಎಷ್ಟೇ ಕಾವೇರಲಿ, ಅವರ ಹಳೆಯ ಗಾಯಕ್ಕೆ ಮಾತ್ರ ಕೈ ಹಾಕಬೇಡಿ. ವಿರೋಧಿಸಿದ್ದರಿಂದ ಅವರಿಬ್ಬರ ಸ್ನೇಹ ಮುರಿಯಲಿಲ್ಲ, ಹಂಗಿಸಿದ್ದರಿಂದ ಮುರಿಯಿತು. ಹಿಲ್ಲೇಲ್ ಮತ್ತು ಶಮ್ಮೈ ಎಂಬ ಎರಡು ಪರಂಪರೆಗಳ ವಾದದಲ್ಲಿ ಕೊನೆಗೆ ಹಿಲ್ಲೇಲನ ಕಡೆಯವರ ಮಾತು ನಿಂತದ್ದಕ್ಕೆ ತಾಲ್ಮುದ್ ಕೊಡುವ ಕಾರಣವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅವರು ಎದುರಾಳಿಯ ಮಾತನ್ನು ಮೊದಲು ಕಲಿಸಿ, ತಮ್ಮದನ್ನು ಆಮೇಲೆ ಹೇಳುತ್ತಿದ್ದರು. ಸೋತವರ ಅಭಿಪ್ರಾಯವೂ ಗ್ರಂಥದಲ್ಲಿ ಹೆಸರಿನ ಸಮೇತ ಉಳಿದಿದೆ.

ತಾಲ್ಮುದಿನ ಪುಟದ ವಿನ್ಯಾಸವನ್ನು ಒಮ್ಮೆ ಇಂಟರ್ನೆಟ್ಟಿನಲ್ಲಿ ನೋಡಿ. ಡೇನಿಯಲ್ ಬೊಂಬರ್ಗ್ ಎಂಬ ಕ್ರೈಸ್ತ ಮುದ್ರಕ ವೆನಿಸ್‌ನಲ್ಲಿ 1520ರ ದಶಕದ ಆರಂಭಕ್ಕೆ ಇಡೀ ತಾಲ್ಮುದನ್ನು ಅಚ್ಚು ಹಾಕಿ ಮುಗಿಸಿದ. ಮಧ್ಯದಲ್ಲಿ ಮೂಲ. ಹೊಲಿಗೆಯ ಕಡೆಗೆ ಹನ್ನೊಂದನೆಯ ಶತಮಾನದ ಫ್ರಾನ್ಸಿನ ರಾಶಿ ಬರೆದ ವ್ಯಾಖ್ಯಾನ. ಹೊರಗಡೆಗೆ ಅವನ ಮೊಮ್ಮಕ್ಕಳು ಮತ್ತು ಅವರ ಶಿಷ್ಯರು ಬರೆದ ಟಿಪ್ಪಣಿ. ತಾತ ಹೇಳಿದ್ದು ಸರಿಹೋಗುವುದಿಲ್ಲ ಎಂದು ಮೊಮ್ಮಗ ಅದೇ ಪುಟದಲ್ಲಿ ತಾತನ ಎದುರೇ ವಾದಿಸುತ್ತಾನೆ, ಆ ಪುಟವನ್ನೇ ಇಂದಿಗೂ ಮಕ್ಕಳು ಕಲಿಯುತ್ತಾರೆ. ಹಿರಿಯರ ಕಿವಿಮಾತಿಗೂ ಇದೇ ಗತಿ ಆಗಬೇಕು, ನನ್ನದಕ್ಕೂ.

ಇನ್ನು ಸಮುದಾಯದ ಮಾತು. 1923ರಲ್ಲಿ ವಿಯೆನ್ನಾದಲ್ಲಿ ನಡೆದ ಒಂದು ಯಹೂದಿ ಮಹಾಸಭೆಯಲ್ಲಿ ಪೋಲೆಂಡಿನ ರಬ್ಬಿ (ಧರ್ಮಗುರು) ಮೇಯರ್ ಶಪೀರೋ ಒಂದು ಸಲಹೆ ಇಟ್ಟರು. ಜಗತ್ತಿನಲ್ಲಿ ಎಲ್ಲೇ ಇರಲಿ, ಎಲ್ಲರೂ ದಿನಕ್ಕೆ ತಾಲ್ಮುದಿನ ಒಂದೇ ಹಾಳೆ ಓದೋಣ, ಇವತ್ತಿನ ಹಾಳೆ ಎಲ್ಲರಿಗೂ ಇವತ್ತಿನದೇ ಆಗಿರಲಿ. ಆಗ ಅವರಿಗೆ ಮೂವತ್ತಾರು ವರ್ಷ. ಹಡಗು ಹತ್ತಿ ದಿನಗಟ್ಟಲೆ ಪ್ರಯಾಣ ಮಾಡಿ ಅಮೆರಿಕ ಮುಟ್ಟಿದವನು ಗುರುತಿಲ್ಲದ ಊರಿನ ಓದುಮನೆಗೆ ನುಗ್ಗಿದರೆ, ಅಲ್ಲಿಯವರು ತಾನು ಬೆಳಿಗ್ಗೆ ಹಡಗಿನಲ್ಲಿ ಓದಿದ ಹಾಳೆಯನ್ನೇ ತೆರೆದು ಕೂತಿರುತ್ತಾರೆ, ಕೂಡಲೇ ಮಾತಿಗೆ ಸೇರಬಹುದು. ಅವರ ಕನಸು ಇಷ್ಟೇ ಸರಳ. ಆ ವರ್ಷ ಸೆಪ್ಟೆಂಬರ್ 11ರಂದು, ಯಹೂದಿ ಹೊಸವರ್ಷದ ದಿನ, ಮೊದಲ ಸುತ್ತು ಆರಂಭವಾಯಿತು. ಅದಾದ ಹತ್ತು ವರ್ಷಕ್ಕೆ ಶಪೀರೋ ತೀರಿಕೊಂಡರು. ಅವರ ಪೋಲೆಂಡಿನ ಯಹೂದಿ ಲೋಕವನ್ನು ನಾಜಿಗಳು ಬೂದಿ ಮಾಡಿದರು. ಓದು ಮುಂದುವರಿಯಿತು.

ಈಗ ಒಟ್ಟು 2,711 ಹಾಳೆ, ಸುಮಾರು ಏಳೂವರೆ ವರ್ಷದ ಸುತ್ತು. ಹದಿಮೂರನೆಯ ಸುತ್ತು ಮುಗಿಯುವ ಹೊತ್ತಿಗೆ, 2020ರ ಜನವರಿ 1ರ ಚಳಿಯಲ್ಲಿ, ನ್ಯೂಜೆರ್ಸಿಯ ಫುಟ್‌ಬಾಲ್ ಮೈದಾನದಲ್ಲಿ ಸುಮಾರು 90,000 ಜನ ಸೇರಿದ್ದರು. ಈಗಿನ ಸುತ್ತು 2027ರ ಜೂನ್‌ನಲ್ಲಿ ಮುಗಿದು ಮಾರನೆಯ ದಿನವೇ ಮುಂದಿನದು ಶುರುವಾಗುತ್ತದೆ. ಇದನ್ನು ಓದುವವರಲ್ಲಿ ಅಕೌಂಟೆಂಟುಗಳಿದ್ದಾರೆ, ಅಂಗಡಿಯವರಿದ್ದಾರೆ, ವೈದ್ಯರಿದ್ದಾರೆ. ಲಾಂಗ್ ಐಲ್ಯಾಂಡಿನಿಂದ ಮ್ಯಾನ್‌ಹಟನ್ನಿಗೆ ಕೆಲಸಕ್ಕೆ ಹೋಗುವವರು ಬೆಳಗಿನ ರೈಲಿನ ಡಬ್ಬಿಯಲ್ಲೇ ವರ್ಷಗಳ ಕಾಲ ಪಾಠ ನಡೆಸಿದರು. ಮೆಟ್ರೋದಲ್ಲಿ ಒಂದೊಂದು ಗಂಟೆ ಕೂತು ಹೋಗುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಿನಕ್ಕೊಂದು ಹಾಳೆ ಎಂದರೆ ಓಡಿದ ಓದು, ಆಳ ಸಾಲದು ಎಂದು ಆಕ್ಷೇಪಿಸುವ ಪಂಡಿತರು ಅವರಲ್ಲೇ ಇದ್ದಾರೆ. ಆಕ್ಷೇಪ ನಿಜ. ಆದರೂ ಇಂದಿನ ಹಾಳೆಯನ್ನು ಇಂದೇ ಓದಬೇಕು ಎಂಬ ಕಟ್ಟು ಇಲ್ಲದಿದ್ದರೆ ಆ ಅಕೌಂಟೆಂಟು ಆಳವಾಗಿಯೂ ಓದುತ್ತಿರಲಿಲ್ಲ, ಮೇಲೆಮೇಲೂ ಓದುತ್ತಿರಲಿಲ್ಲ.

"ಇದೆಲ್ಲ ದೇವರಲ್ಲಿ ಭಕ್ತಿ ಇರುವವರಿಗೆ, ನಮಗೆ ಅದಿಲ್ಲವಲ್ಲ" ಎನ್ನುವವರಿಗೆ ಫ್ರಾಂಜ್ ರೋಸೆನ್‌ಜ್ವೈಗ್ ಅವರ ಕಥೆ ಹೇಳಬೇಕು. ಜರ್ಮನಿಯ ಕಾಸೆಲ್ ಊರಿನವರು, ಹುಟ್ಟಿದ್ದು 1886ರಲ್ಲಿ. ಮನೆಯಲ್ಲಿ ಯಹೂದಿತನ ಹೆಸರಿಗಷ್ಟೇ ಇತ್ತು. ತತ್ವಶಾಸ್ತ್ರ ಓದಿದ ಈ ಯುವಕ 1913ರಲ್ಲಿ ಕ್ರೈಸ್ತರಾಗಲು ತೀರ್ಮಾನಿಸಿದ್ದರು. ಆ ವರ್ಷ ಬರ್ಲಿನ್ನಿನ ಒಂದು ಸಿನಗಾಗ್‌ನಲ್ಲಿ (ಯಹೂದಿ ಪ್ರಾರ್ಥನಾಮಂದಿರದಲ್ಲಿ) ಯೋಮ್ ಕಿಪ್ಪುರ್ ಉಪವಾಸದ ದಿನ ಕಳೆದ ಮೇಲೆ ಮನಸ್ಸು ತಿರುಗಿತು ಎನ್ನುತ್ತಾರೆ. ಮೊದಲ ಮಹಾಯುದ್ಧದ ಬಾಲ್ಕನ್ ರಣರಂಗದಲ್ಲಿದ್ದಾಗ ತಮ್ಮ ಮಹಾಗ್ರಂಥದ ಭಾಗಗಳನ್ನು ಅಂಚೆಕಾರ್ಡುಗಳಲ್ಲಿ ಬರೆದು ತಾಯಿಗೆ ಕಳಿಸುತ್ತಿದ್ದರು. ಯುದ್ಧ ಮುಗಿದ ಮೇಲೆ ಗುರುಗಳೇ ವಿಶ್ವವಿದ್ಯಾಲಯದ ಹುದ್ದೆಗೆ ಕರೆದರೂ ಬೇಡವೆಂದರು. 1920ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ವಯಸ್ಕರಿಗಾಗಿ ಒಂದು ಓದುಮನೆ ತೆರೆದರು. ಪದವಿ ಇಲ್ಲ, ಪರೀಕ್ಷೆ ಇಲ್ಲ.

ಅಲ್ಲಿ ಪಾಠ ಹೇಳಿದವರೆಲ್ಲ ಪಂಡಿತರಲ್ಲ. ರಸಾಯನ ವಿಜ್ಞಾನಿ ಎಡ್ವರ್ಡ್ ಸ್ಟ್ರಾಸ್ ಬೈಬಲ್ ಪಾಠ ನಡೆಸಿದರು, ವೈದ್ಯ ರಿಚರ್ಡ್ ಕೋಖ್ ಇದ್ದರು. ಮಾರ್ಟಿನ್ ಬೂಬರ್, ಎರಿಕ್ ಫ್ರಾಮ್, ಗೆರ್ಶೋಮ್ ಶೋಲೆಮ್ ಅವರಂಥ ದೊಡ್ಡ ಹೆಸರುಗಳೂ ಅಲ್ಲಿ ಕಲಿಸಿದವು. ರೋಸೆನ್‌ಜ್ವೈಗ್ ಅವರ ನಿಲುವು ಸ್ಪಷ್ಟ: ಹಿಂದೆ ಓದು ಗ್ರಂಥದಿಂದ ಬದುಕಿನ ಕಡೆಗೆ ಹೋಗುತ್ತಿತ್ತು, ಈಗ ಬದುಕಿನ ಕಡೆಯಿಂದ ಗ್ರಂಥಕ್ಕೆ ಬರಬೇಕು. ವಕೀಲ ವಕೀಲನಾಗಿಯೇ ಬರಲಿ, ವೈದ್ಯ ವೈದ್ಯನಾಗಿಯೇ ಬರಲಿ, ಸಂಶಯವಿರುವವನು ಸಂಶಯವನ್ನೂ ಹೊತ್ತು ಬರಲಿ. ಏನೂ ಗೊತ್ತಿಲ್ಲದಿರುವುದೇ ಅಲ್ಲಿ ಪ್ರವೇಶಕ್ಕೆ ಅರ್ಹತೆ. ನಂಬಿಕೆ ಬಂದ ಮೇಲೆ ಓದುತ್ತೇನೆ ಎನ್ನುವವನಿಗೂ, ಸಮಯ ಸಿಕ್ಕ ಮೇಲೆ ಓದುತ್ತೇನೆ ಎನ್ನುವವನಿಗೂ ವ್ಯತ್ಯಾಸವಿಲ್ಲ, ಇಬ್ಬರೂ ಓದುವುದಿಲ್ಲ.

1922ರಲ್ಲಿ ಅವರಿಗೆ ನರಗಳನ್ನು ತಿನ್ನುವ ರೋಗ ಬಂತು. ಕೈಕಾಲು ಹೋದವು, ಮಾತು ಹೋಯಿತು. ಹೆಂಡತಿ ಎಡಿತ್ ಅವರ ಸನ್ನೆಗಳನ್ನು ಓದಿ ಅಕ್ಷರಕ್ಕೆ ಅಕ್ಷರ ಸೇರಿಸಿ ವಾಕ್ಯ ಮಾಡುತ್ತಿದ್ದರು. ಆ ಸ್ಥಿತಿಯಲ್ಲೇ ಬೂಬರ್ ಜೊತೆ ಹೀಬ್ರೂ ಬೈಬಲನ್ನು ಜರ್ಮನ್ ಭಾಷೆಗೆ ತರುವ ಕೆಲಸಕ್ಕೆ ಕೂತರು. ಹೆವ್ರೂತಾ ಅಂದರೆ ಅದೂ ಹೆವ್ರೂತಾವೇ. 1929ರ ಡಿಸೆಂಬರಿನಲ್ಲಿ, ನಲವತ್ತಮೂರು ತುಂಬುವ ಮೊದಲೇ ತೀರಿಕೊಂಡರು. ಓದುಮನೆ ಮೊದಲೇ ಸೊರಗಿತ್ತು. 1933ರಲ್ಲಿ ಹಿಟ್ಲರ್ ಬಂದು ಯಹೂದಿಗಳನ್ನು ಶಾಲೆ ಕಾಲೇಜು ಕಚೇರಿಗಳಿಂದ ಹೊರಗೆ ಹಾಕಿದಾಗ ಬೂಬರ್ ಅದನ್ನು ಮತ್ತೆ ತೆರೆದರು. ಬೀದಿಯಲ್ಲಿ ಮರ್ಯಾದೆ ಕಳೆದುಕೊಂಡವರು ಸಂಜೆ ಅಲ್ಲಿ ಬಂದು ಕೂತು ಓದಿದರು. 1938ರಲ್ಲಿ ಅದನ್ನೂ ಮುಚ್ಚಿಸಿದರು.

ಈ ಪರಂಪರೆಯನ್ನು ಹೊಗಳುವಾಗ ಒಂದು ಮಾತು ಮುಚ್ಚಿಡಬಾರದು. ಶತಮಾನಗಳ ಕಾಲ ಓದಿನ ಮೇಜಿಗೆ ಹೆಣ್ಣುಮಕ್ಕಳನ್ನು ಕರೆಯಲೇ ಇಲ್ಲ. ಕ್ರಾಕೋವ್‌ನಲ್ಲಿ ಬಟ್ಟೆ ಹೊಲಿದು ಬದುಕುತ್ತಿದ್ದ ಸಾರಾ ಶೆನಿರೆರ್ 1917ರಲ್ಲಿ ಕೆಲವು ಹುಡುಗಿಯರನ್ನು ಕೂರಿಸಿಕೊಂಡು ಶಾಲೆ ಶುರುಮಾಡಿದ ಮೇಲೆ ಸಂಪ್ರದಾಯಸ್ಥರ ಮನೆಗಳಲ್ಲೂ ಬಾಗಿಲು ತೆರೆಯಿತು. ತಾಲ್ಮುದ್ ಆಗಲೂ ಅವರಿಗೆ ದೂರವೇ. 2020ರ ಜನವರಿಯಲ್ಲಿ ಜೆರುಸಲೇಮಿನಲ್ಲಿ ಸುಮಾರು 3,000 ಹೆಂಗಸರು ತಾಲ್ಮುದ್ ಓದಿನ ಮುಕ್ತಾಯವನ್ನು ತಾವೇ ಆಚರಿಸಿದರು. ತಡವಾಯಿತು, ಬಹಳ ತಡವಾಯಿತು.

ಈ ಪರಂಪರೆಯಲ್ಲಿ ಓದು ಕಲಿಸಿದ ಹೆಂಗಸರ ಪೈಕಿ ನನಗೆ ಅತ್ಯಂತ ಪ್ರಿಯರಾದವರು ನೆಹಾಮಾ ಲೈಬೋವಿಟ್ಸ್. ರೀಗಾದಲ್ಲಿ 1905ರಲ್ಲಿ ಹುಟ್ಟಿ, ಜರ್ಮನಿಯಲ್ಲಿ ಡಾಕ್ಟರೇಟ್ ಪಡೆದು, 1930ರಲ್ಲಿ ಜೆರುಸಲೇಮಿಗೆ ಬಂದವರು. ಯಹೂದಿಗಳ ಮೂಲಗ್ರಂಥವಾದ ತೋರಾವನ್ನು ವರ್ಷಕ್ಕೊಂದಾವರ್ತಿ ಮುಗಿಯುವಂತೆ ವಾರದ ಭಾಗಗಳಾಗಿ ಹಂಚಿರುತ್ತಾರೆ, ಕೊನೆಯ ಭಾಗ ಓದಿದ ದಿನವೇ ಮತ್ತೆ ಮೊದಲಿನಿಂದ ಹಿಡಿಯುತ್ತಾರೆ. 1942ರಲ್ಲಿ ನೆಹಾಮಾ ಅವರ ಬಳಿ ಒಂದು ಕೋರ್ಸು ಮುಗಿಸಿ ಹಳ್ಳಿಗೆ ಹೊರಟಿದ್ದ ಹೆಂಗಸರು, ಮನೆಯಲ್ಲೂ ಓದು ಮುಂದುವರಿಸಬೇಕು, ಏನಾದರೂ ಕಳಿಸಿ ಎಂದು ಕೇಳಿದರು. ಅವರು ಆ ವಾರದ ಭಾಗದ ಮೇಲೆ ಒಂದು ಹಾಳೆ ತುಂಬ ಪ್ರಶ್ನೆ ಬರೆದು ಅಂಚೆಗೆ ಹಾಕಿದರು. ಉತ್ತರ ಬಂತು, ತಿದ್ದಿ ಹಿಂತಿರುಗಿಸಿದರು. ಸುದ್ದಿ ಹರಡಿ ಬೇರೆಯವರೂ ಕೇಳತೊಡಗಿದರು. ಹಾಗೆ ಸುಮಾರು ಮೂವತ್ತು ವರ್ಷ ವಾರಕ್ಕೊಂದು ಹಾಳೆ ಹೊರಟಿತು. ಸೈನಿಕರು, ರೈತರು, ಗೃಹಿಣಿಯರು ಬರೆದು ಕಳಿಸಿದ ಸಾವಿರಾರು ಉತ್ತರಗಳನ್ನು ಅವರು ಕೈಯಾರೆ ತಿದ್ದಿದರು. ಕಷ್ಟದ ಪ್ರಶ್ನೆಗೆ ಒಂದು ಇಂಟು ಗುರುತು, ಇನ್ನೂ ಕಷ್ಟದ್ದಕ್ಕೆ ಎರಡು.

ಅವರ ಪ್ರಶ್ನೆಗಳಿಗೆ ಬಾಯಿಪಾಠದ ಉತ್ತರ ನಡೆಯುತ್ತಿರಲಿಲ್ಲ. ವ್ಯಾಖ್ಯಾನಕಾರ ರಾಶಿ ಇದೇ ಪದದ ಮುಂದೆ ಯಾಕೆ ನಿಂತ, ಅವನಿಗೆ ಇಲ್ಲಿ ಏನು ತೊಡಕು ಕಾಣಿಸಿತು, ಇನ್ನೊಬ್ಬ ವ್ಯಾಖ್ಯಾನಕಾರ ಯಾಕೆ ಒಪ್ಪಲಿಲ್ಲ, ನೀನಾಗಿದ್ದರೆ ಯಾರ ಪಕ್ಷ? ಇಂಥವು. 1956ರಲ್ಲಿ ಇಸ್ರೇಲ್ ಪ್ರಶಸ್ತಿ ಬಂತು. 1997ರಲ್ಲಿ ತೀರಿಕೊಂಡಾಗ ಸಮಾಧಿಯ ಮೇಲೆ ಹೆಸರಿನ ಜೊತೆ ಕೆತ್ತಿಸಿದ ಬಿರುದು ಒಂದೇ, ಶಿಕ್ಷಕಿ. ಮೇಷ್ಟ್ರಾಗಿದ್ದವನಿಗೆ ಇದನ್ನು ಓದಿ ಸ್ವಲ್ಪ ಹೊಟ್ಟೆಕಿಚ್ಚಾದರೆ ಕ್ಷಮಿಸಬೇಕು.

ದೂರದ ಜನರ ಕಥೆಯೆಂದು ದೂರ ಇಡಬೇಡಿ, ಇದರ ಒಂದು ಎಳೆ ನಮ್ಮ ಮಂಗಳೂರಿಗೂ ಬಂದಿದೆ. ಹನ್ನೆರಡನೆಯ ಶತಮಾನದಲ್ಲಿ ಟುನೀಸಿಯಾದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ನೆಲೆಸಿದ್ದ. ಅಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ, ಆಶು ಎಂಬ ಸ್ಥಳೀಯ ಹೆಣ್ಣನ್ನು 1132ರಲ್ಲಿ ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರ ಉಳಿದಿದೆ. ಅವನ ಪತ್ರಗಳು ಕೈರೋದ ಹಳೆಯ ಸಿನಗಾಗಿನ ಕಾಗದದ ರಾಶಿಯಲ್ಲಿ ಸಿಕ್ಕವು. ಅಮಿತಾವ್ ಘೋಷ್ ಅವರ ಪುಸ್ತಕದಿಂದ ಅವನ ಆಳು ಬೊಮ್ಮನ ಹೆಸರು ನಿಮಗೂ ಗೊತ್ತಿರಬಹುದು. ನನ್ನ ಗಮನ ಹೋದದ್ದು ಒಂದು ಸಣ್ಣ ವಿವರದ ಮೇಲೆ. ಏಡನ್ನಿನ ಗೆಳೆಯರು ಅವನಿಗೆ ಸಕ್ಕರೆ, ಒಣದ್ರಾಕ್ಷಿಗಳ ಜೊತೆ ತಪ್ಪದೆ ಬರೆಯುವ ಕಾಗದ ಕಳಿಸುತ್ತಿದ್ದರು. ಅವನು ಒಳ್ಳೆಯ ಅಕ್ಷರದವನು, ಪದ್ಯ ಕಟ್ಟುವವನು. ಬಂದ ಪತ್ರಗಳ ಬೆನ್ನಿಗೂ ಬರೆಯುತ್ತಿದ್ದ. ಸ್ವಜನ ವಿರಳವಾಗಿದ್ದ ಕರಾವಳಿಯಲ್ಲಿ ಅಡಿಕೆ ಮೆಣಸಿನ ಲೆಕ್ಕ ಬರೆಯುತ್ತಲೇ ಓದುಬರಹದ ನಂಟನ್ನು ಉಳಿಸಿಕೊಂಡಿದ್ದ.

ಈಗ ನೀವು ಮಾಡಬೇಕಾದದ್ದು. ಕುತೂಹಲವಿದ್ದರೆ ತಾಲ್ಮುದನ್ನೇ ತೆರೆಯಿರಿ, ಸೆಫಾರಿಯಾ ಎಂಬ ತಾಣದಲ್ಲಿ ಮೂಲವೂ ಇಂಗ್ಲಿಷ್ ಅನುವಾದವೂ ಉಚಿತವಾಗಿವೆ. ಇಲ್ಲವೇ ನಿಮ್ಮದೇ ಭಾಷೆಯ, ನಿಮಗಿಂತ ದೊಡ್ಡದಾದ ಒಂದು ಪುಸ್ತಕ ಆರಿಸಿ. ಕುಮಾರವ್ಯಾಸನಾಗಲಿ, ಸಂವಿಧಾನ ಸಭೆಯ ಚರ್ಚೆಗಳಾಗಲಿ. ಒಂದೇ ಓದಿಗೆ ಮುಗಿದುಹೋಗುವಂಥದ್ದು ಬೇಡ. ನಮ್ಮಲ್ಲೂ ಇಂಥದ್ದೆಲ್ಲ ಇತ್ತು ಎಂದು ಪಟ್ಟಿ ಮಾಡುವ ಚಪಲ ಬಂದರೆ ತಡೆದುಕೊಳ್ಳಿ. ಇದ್ದದ್ದನ್ನು ಎಣಿಸುವುದರಲ್ಲೇ ಸಂಜೆ ಕಳೆದುಹೋಗುತ್ತದೆ. ವಾರದಲ್ಲಿ ಒಂದು ಹೊತ್ತು ಗೊತ್ತುಮಾಡಿ, ಮದುವೆ ಮುಂಜಿಗೂ ಅದನ್ನು ಸುಲಭವಾಗಿ ಬಿಟ್ಟುಕೊಡಬೇಡಿ. ಗಟ್ಟಿಯಾಗಿ ಓದಿ. ಒಂದು ಭಾಗ ಮುಗಿದಾಗ ನಾಲ್ಕು ಜನರನ್ನು ಕರೆದು ಊಟ ಹಾಕಿ. ತಾಲ್ಮುದಿನ ಒಂದು ಭಾಗ ಮುಗಿಸಿದವರೂ ಹಾಗೆಯೇ ಔತಣ ಮಾಡುತ್ತಾರೆ, ಆ ಭಾಗಕ್ಕೆ ಮತ್ತೆ ಬರುತ್ತೇವೆಂದು ಮಾತು ಕೊಟ್ಟು ಮೇಲೇಳುತ್ತಾರೆ.

ಮುಖ್ಯವಾಗಿ ಎದುರು ಕೂರುವ ಒಬ್ಬರನ್ನು ಹುಡುಕಿ. ಆಫೀಸಿನಲ್ಲಿ ನಿಮ್ಮ ಮಾತಿಗೆ ಅಡ್ಡ ಹಾಕುವ ಹುಡುಗಿ ಇರಬಹುದು, ಪಿಜಿಯ ಪಕ್ಕದ ಕೋಣೆಯ ತಕರಾರಿನ ಹುಡುಗ ಇರಬಹುದು, ಸಂಬಂಧಿಕರೆಲ್ಲ ದೂರ ಇಟ್ಟ ಚಿಕ್ಕಪ್ಪನೇ ಇರಬಹುದು. ಈ ಭಾನುವಾರದೊಳಗೆ ಅವರಿಗೆ ಫೋನ್ ಮಾಡಿ, ಯಾವ ಪುಸ್ತಕ, ಯಾವ ವಾರ, ಎಷ್ಟು ಗಂಟೆಗೆ ಎಂದು ತೀರ್ಮಾನ ಮಾಡಿಕೊಳ್ಳಿ.